ಮಾಜಿ ಗಂಡನ ಸಾಲದ ನೋಟಿಸು ನನ್ನ ಬಾಗಿಲಿಗೆ ಬರ್ತಿದೆ, ಏನು ಮಾಡಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಅಪ್ಪ ನನ್ನ ಹೆಸರಿಗೆ ಮಾಡಿಕೊಟ್ಟ ಮನೆಯಲ್ಲಿ ಮಗಳ ಜೊತೆ ಇದ್ದೇನೆ. 2022ರಲ್ಲಿ ಇಬ್ಬರೂ ಒಪ್ಪಿ ಡೈವೋರ್ಸ್ ಆಯಿತು. ಈಗ ಅವರ ಹೆಸರಿಗೆ ಬ್ಯಾಂಕಿನ ನೋಟಿಸುಗಳು ಬರುತ್ತಿವೆ. ಮೊನ್ನೆ ಇಬ್ಬರು ಗೇಟಿನ ಹತ್ತಿರ ನಿಂತು ಜೋರಾಗಿ ಅವರ ಹೆಸರು ಕೂಗಿದರು, ಬೀದಿಯವರೆಲ್ಲ ನೋಡಿದರು. ಮನೆ ಜಪ್ತಿ ಮಾಡಿಬಿಡ್ತಾರಾ? ಅವರ ತಾಯಿ ಬೇರೆ ಫೋನ್ ಮಾಡಿ, ‘ಒಂದೆರಡು ಕಂತು ನೀನೇ ಕಟ್ಟಮ್ಮಾ’ ಅಂತಾರೆ. ಮರ್ಯಾದೆಗೆ ಹೆದರಿ ಕಟ್ಟಿಬಿಡೋಣ ಅನ್ನಿಸಿದೆ. 2019ರಲ್ಲಿ ಅವರ ಅಂಗಡಿ ಸಾಲಕ್ಕೆ ಎಲ್ಲೋ ಸೈನ್ ಹಾಕಿದ ಹಾಗೆ ನೆನಪು.

ಉತ್ತರ: ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಲ್ಲ, ಆ ಸೈನ್ ಮಾತು, ಮೊದಲು ನೋಡಬೇಕಾದದ್ದು ಅದನ್ನೇ. ಗಂಡ ಮಾಡಿದ ಸಾಲವನ್ನು ಹೆಂಡತಿ ತೀರಿಸಬೇಕು ಅಂತ ಕಾನೂನು ಇಲ್ಲ, ಮಾಜಿ ಹೆಂಡತಿಯಂತೂ ದೂರದ ಮಾತು. ಆದರೆ ನೀವು ಜಂಟಿ ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸೈನ್ ಹಾಕಿದ್ದರೆ ಕಥೆ ಬೇರೆ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನು ನಿಂತವರ ಹೊಣೆ ಸಾಲ ತೆಗೆದವರಷ್ಟೇ. ಡೈವೋರ್ಸ್ ಪತ್ರದಲ್ಲಿ ‘ಸಾಲವೆಲ್ಲ ಅವರದೇ’ ಅಂತ ಬರೆದಿದ್ದರೂ ಬ್ಯಾಂಕು ಅದಕ್ಕೆ ಕಟ್ಟುಬೀಳುವುದಿಲ್ಲ. ಅದು ನಿಮ್ಮಿಬ್ಬರ ನಡುವಿನ ಮಾತು. ಅದನ್ನು ಹಿಡಿದು ನೀವು ಅವರ ಮೇಲೆ ಹೋಗಬಹುದು, ಅಷ್ಟೇ.

ಹಾಗಾಗಿ ಈ ವಾರವೇ ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ದಾಖಲೆ, ತೆಗೆಸಿ. ಇದನ್ನು ಕೊಡುವ ಕಂಪನಿಗಳು ಸಿಬಿಲ್ ಸೇರಿ ನಾಲ್ಕಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ನಿಮ್ಮ ಹೆಸರಲ್ಲಿ ಆ ಅಂಗಡಿ ಸಾಲ ಕಂಡರೆ ಅಲ್ಲಿಗೇ ನಿಲ್ಲಿ. ನೇರ ವಕೀಲರ ಹತ್ತಿರ ಹೋಗಿ. ನೀವು ಸೈನ್ ಮಾಡಿದ ಖಾಲಿ ಚೆಕ್ಕು ಮಾಜಿ ಗಂಡನ ಹತ್ತಿರ ಉಳಿದಿದ್ದರೆ ಅದನ್ನೂ ವಕೀಲರಿಗೆ ಹೇಳಿ, ಮುಚ್ಚಿಡಬೇಡಿ.

ರಿಪೋರ್ಟಿನಲ್ಲಿ ಕಾಣಲಿಲ್ಲ ಅಂದರೂ ಬ್ಯಾಂಕಿನಿಂದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಅವರ ಹೆಸರಿನ ಕವರನ್ನು ಒಡೆಯಬೇಡಿ, ಹರಿದು ಬಿಸಾಡಲೂಬೇಡಿ. ಕವರಿನ ಕಿಟಕಿಯಲ್ಲಿ ಹೆಸರಿನ ಜೊತೆಗೆ ಎಷ್ಟೋ ಸಲ ಒಂದು ರೆಫರೆನ್ಸ್ ನಂಬರೂ ಕಾಣುತ್ತದೆ. ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಆಮೇಲೆ ಮೇಲೆ ‘ಇವರು ಈ ವಿಳಾಸದಲ್ಲಿ ವಾಸವಿಲ್ಲ’ ಅಂತ ಬರೆದು ಪೋಸ್ಟ್‌ಮ್ಯಾನ್ ಕೈಗೇ ವಾಪಸ್ ಕೊಡಿ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಅಂತ ಬರೆಯಲು ಬಿಡಬೇಡಿ. ಆ ಷರಾ ಬಿದ್ದರೆ, ನೋಟಿಸು ಅವರಿಗೆ ತಲುಪಿತು ಅಂತ ಕೋರ್ಟು ಎಣಿಸಬಹುದು. ಯಾವ ಕವರಿಗೂ ಅವರ ಪರವಾಗಿ ಸೈನ್ ಹಾಕಬೇಡಿ. ನಿಮ್ಮ ಹೆಸರಿಗೆ ಬಂದದ್ದನ್ನು ಮಾತ್ರ ತೆಗೆದುಕೊಂಡು, ಒಡೆದು, ಅವತ್ತೇ ಓದಿ. ಹೆದರಿ ಬೀರುವಿನ ಮೇಲೆ ಎಸೆದಿಟ್ಟರೆ ಗಡುವು ಮೀರಿಹೋಗುತ್ತದೆ.

ಇನ್ನು ಬ್ಯಾಂಕಿಗೆ ಬರೆಯುವ ಪತ್ರ. ಉದ್ದ ಬೇಡ, ಸಂಸಾರದ ಕಥೆ ಬೇಡವೇ ಬೇಡ. ‘ಇವರು 2022ರಿಂದ ಇಲ್ಲಿಲ್ಲ. ಮನೆ ನನ್ನದು. ನನ್ನ ವಿಳಾಸವನ್ನು ನಿಮ್ಮ ದಾಖಲೆಯಿಂದ ತೆಗೆಯಿರಿ. ನಾನು ಹೊಣೆ ಅಂತ ನಿಮ್ಮ ವಾದವಿದ್ದರೆ ನನ್ನ ಸೈನ್ ಇರುವ ಕಾಗದದ ಪ್ರತಿ ಕೊಡಿ.’ ಇಷ್ಟು ಸಾಕು. ಡೈವೋರ್ಸ್ ಡಿಕ್ರಿಯ ಮೊದಲ ಪುಟದ ಜೆರಾಕ್ಸ್ ಲಗತ್ತಿಸಿ. ಜೀವನಾಂಶದ ವಿವರ ಇರುವ ಪುಟ ಅವರಿಗೆ ಯಾಕೆ? ಶಾಖೆಗೆ ಒಂದು ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ದುಡ್ಡು ಕಟ್ಟಬೇಕಿಲ್ಲ.

ಗೇಟಿನ ಹತ್ತಿರ ಬಂದವರ ವಿಷಯ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಸಾಲಗಾರರ ಮನೆಯವರನ್ನಾಗಲಿ ಸ್ನೇಹಿತರನ್ನಾಗಲಿ ಕಾಡುವಂತಿಲ್ಲ, ಬೀದಿಯಲ್ಲಿ ಮಾನ ಕಳೆಯುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಒಳಗೆ ಕರೆಯಬೇಡಿ. ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಕೇಳಿ, ಫೋಟೊ ತೆಗೆಯಿರಿ. ‘ನೋಡೋಣ’, ‘ಸ್ವಲ್ಪ ಟೈಮ್ ಕೊಡಿ’ ಅನ್ನುವ ಮಾತು ಬಾಯಿಂದ ಬರದಿರಲಿ. ಟಿವಿ, ಫ್ರಿಜ್ ಎತ್ತಿಕೊಂಡು ಹೋಗುವ ಅಧಿಕಾರ ಇವರಿಗಿಲ್ಲ. ಅಂಥ ಸಾಮಾನಿನ ಜಪ್ತಿಗೆ ಕೋರ್ಟಿನ ಆದೇಶ ಹಿಡಿದು ಅಮೀನರು ಬರಬೇಕು. ನೀವು ಜಂಟಿ ಸಾಲಗಾರರೂ ಅಲ್ಲ, ಜಾಮೀನೂ ಹಾಕಿಲ್ಲ, ಮನೆಯನ್ನೂ ಅಡವಿಟ್ಟಿಲ್ಲ ಅಂದರೆ ಅವರ ಸಾಲಕ್ಕೆ ನಿಮ್ಮ ಮನೆ ಮುಟ್ಟಲಾಗದು. ಕೂಗಾಟ ಮುಂದುವರಿದರೆ 112ಕ್ಕೆ ಫೋನ್ ಮಾಡಿ.

ಒಂದೆರಡು ಕಂತು ಕಟ್ಟುವ ಯೋಚನೆ ನನಗೆ ಸುತರಾಂ ಇಷ್ಟವಾಗಲಿಲ್ಲ. ಕಟ್ಟಿದ ಮಾತ್ರಕ್ಕೆ ಸಾಲ ನಿಮ್ಮದಾಗುವುದಿಲ್ಲ, ನಿಜ. ಆದರೆ ಎಲ್ಲಿ ಒತ್ತಿದರೆ ದುಡ್ಡು ಬರುತ್ತದೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಮುಂದಿನ ತಿಂಗಳು ಅದೇ ಗೇಟು, ಅದೇ ಕೂಗು. ಪಕ್ಕದ ಮನೆಯವರು ಕೇಳಿದರೆ ‘ಅವರು ಇಲ್ಲಿಲ್ಲ, ಬ್ಯಾಂಕಿಗೆ ತಿಳಿಸಿದ್ದೇನೆ’ ಅಂದರೆ ಮುಗಿಯಿತು, ಅಲ್ವಾ?

ಅತ್ತೆಯವರು ಮೊಮ್ಮಗಳ ಜೊತೆ ಮಾತಾಡಲಿ, ಅದನ್ನು ತಪ್ಪಿಸಬೇಡಿ. ಮತ್ತೆ ಕಂತಿನ ಮಾತು ಎತ್ತಿದರೆ, ‘ಅಮ್ಮಾ, ಬ್ಯಾಂಕಿಗೆ ಹೋಗಿ ಹೊಸ ವಿಳಾಸ ಕೊಡೋಕೆ ನಿಮ್ಮ ಮಗನಿಗೆ ಹೇಳಿ’ ಅನ್ನಿ.