ಪ್ರ: ರೇಡಿಯೇಟರ್, ವಾಟರ್ ಪಂಪ್ ಹೊಸತು ಹಾಕಿದ ಮೇಲೂ ಗಾಡಿ ಬಿಸಿ ಆಗ್ತದೆ

ನೀವು ಬರೆದದ್ದರಲ್ಲಿ ಒಂದು ಮಾತು ಮುಖ್ಯ ಮಾರಾಯ್ರೆ, ಸಂಪಾಜೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತದೆ ಆದ್ರೆ ಹೀಟರ್ ಹಾಕಿದ್ರೆ ತಣ್ಣಗಿನ ಗಾಳಿ ಬರ್ತದೆ ಅಂತ. ಹಾಗಾದ್ರೆ ಕೂಲಂಟ್ (ಎಂಜಿನ್ ತಂಪು ಮಾಡುವ ನೀರು) ಓಡುವ ದಾರಿಯೊಳಗೆ ಗಾಳಿ ಸಿಕ್ಕಿಕೊಂಡಿರುವ ಚಾನ್ಸ್ ಜಾಸ್ತಿ. ಮುಳ್ಳೇರಿಯಾದ ಹತ್ರ ನನ್ನ ಗಾಡಿಗೂ ಹೀಗೇ ಆಗಿತ್ತು, ಪಂಪ್ ಬದಲಿಸಿದವರು ಕೂಲಂಟ್ ಸುರಿದು ರೇಡಿಯೇಟರ್ ಮುಚ್ಚಳ ಹಾಕಿ ಕೊಟ್ಟಿದ್ರು ಅಷ್ಟೆ, ಗಾಳಿ ತೆಗೆದಿರ್ಲಿಲ್ಲ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಂದಿನ ಚಕ್ರ ಸ್ವಲ್ಪ ಎತ್ತರದಲ್ಲಿ ಬರುವ ಹಾಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಮುಚ್ಚಳ ತೆಗೆದು, ಹೀಟರ್ ಫುಲ್ ಬಿಸಿಗಿಟ್ಟು ಸ್ಟಾರ್ಟ್ ಮಾಡಿ ಐಡಲಲ್ಲಿ ಬಿಡಿ. ಗುಳ್ಳೆ ಬರ್ತಾ ನೀರು ಇಳೀತದೆ, ಕೂಲಂಟ್ ಹಾಕ್ತಾ ಇರಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಸುಮಾರು 82ರಿಂದ 88 ಡಿಗ್ರಿಗೆ ತೆರೀತದೆ, ಆಗ ರೇಡಿಯೇಟರಿನ ಮೇಲಿನ ಕೆಳಗಿನ ಎರಡೂ ಹೋಸ್ ಬಿಸಿ ಆಗ್ಬೇಕು, ಫ್ಯಾನೂ ತಿರುಗ್ಬೇಕು. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ರೆ ಅದನ್ನೂ ಸಡಿಲಿಸಿ. ಬಿಸಿ ಇರುವಾಗ ಹಾಕಿರುವ ಮುಚ್ಚಳ ತೆಗೆಯಲೇಬೇಡಿ, ಕೈ ಮುಖ ಸುಟ್ಟುಹೋಗ್ತದೆ.

ಹಳೇ ಮುಚ್ಚಳವನ್ನೇ ಹಾಕಿದ್ರೆ ಅದನ್ನೂ ಬದಲಿಸಿ, ಪ್ರೆಶರ್ ನಿಲ್ಲದಿದ್ರೆ ನೀರು ಬೇಗ ಕುದೀತದೆ.

ಎಷ್ಟು ಹೊತ್ತಾದ್ರೂ ಗುಳ್ಳೆ ನಿಲ್ಲದಿದ್ರೆ, ಕೂಲಂಟ್ ಕಾಣದೆ ಕಡಿಮೆ ಆಗ್ತಾ ಇದ್ರೆ, ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಮೇಲೆ ಡೌಟು. ನೀಲಿ ದ್ರವದ ಟೆಸ್ಟ್ ಉಂಟು, ಪೆಟ್ರೋಲ್ ಗಾಡಿಲಿ ಹೊಗೆಯ ಗ್ಯಾಸ್ ಕೂಲಂಟಿಗೆ ಸೇರ್ತಾ ಇದ್ರೆ ಆ ದ್ರವ ಹಳದಿ ಆಗ್ತದೆ, ಹೆಡ್ ಬಿಚ್ಚುವ ಮೊದಲು ಅದನ್ನು ಮಾಡಿಸಿ. ಅಲ್ಲಿವರೆಗೆ ದಯವಿಟ್ಟು ಘಾಟಿಗೆ ತಕ್ಕೊಂಡು ಹೋಗ್ಬೇಡಿ.