ಕ್ವಿಬೆಕ್ ಕಾರ್ಡು, ಕೊಲರಾಡೊ ಕಾರ್ಡು: ಎರಡನ್ನೂ ಒಂದೇ ಆಲ್ಬಂನಲ್ಲಿಡಿ

ನಮಸ್ಕಾರ ಸರ್. ಡೆನ್ವರ್‌ನಲ್ಲಿ ಪಕ್ಕದ ಮನೆಯವರು ನಿಮ್ಮ ಮಗನಿಗೆ ಒಂದು ಡಬ್ಬ ಹಳೇ ಐಸ್ ಹಾಕಿ ಆಟಗಾರರ ಚಿತ್ರದ ಕಾರ್ಡು ಕೊಟ್ಟಿದ್ದಾರೆ, ಜೋ ಸ್ಯಾಕಿಕ್ ಎರಡು ತಂಡದ ಜರ್ಸಿಯಲ್ಲಿ ಕಾಣ್ತಾರೆ, ಬೇರೆ ಬೇರೆ ಇಡಬೇಕಾ ಅಂತ ಕೇಳಿದ್ದೀರಿ. ಬೇಡ. ಅದು ಒಂದೇ ತಂಡ. ಕೆನಡಾದ ಕ್ವಿಬೆಕ್ ನಾರ್ಡಿಕ್ಸ್ ತಂಡ 1995ರಲ್ಲಿ ಮಾರಾಟವಾಗಿ ಕೊಲರಾಡೊ ರಾಜ್ಯದ ಡೆನ್ವರ್‌ಗೆ ಬಂತು, ಕೊಲರಾಡೊ ಅವಲಾಂಚ್ ಅಂತ ಹೆಸರಾಯಿತು. ತಿಳಿನೀಲಿ ಜರ್ಸಿ, ಅಂಚಿನಲ್ಲಿ ಬಿಳಿ ಹೂವು ಇದ್ದರೆ ಕ್ವಿಬೆಕ್. ಕಡುಗೆಂಪು ಬಣ್ಣ, ಎದೆ ಮೇಲೆ ಹಿಮ ಜಾರುವ ಗುರುತು ಇದ್ದರೆ ಕೊಲರಾಡೊ.

ಊರು ನೋಡಿ ಜೋಡಿಸಬೇಡಿ, ಜನರನ್ನು ನೋಡಿ ಜೋಡಿಸಿ. ಮೊದಲ ಪುಟ ಕೋಚ್ ಮಾರ್ಕ್ ಕ್ರಾಫರ್ಡ್ ಅವರಿಗೆ. ಕೋಚ್‌ಗಳ ಕಾರ್ಡು ಸಿಗುವುದು ಕಮ್ಮಿ, ಒಂದು ಚೀಟಿಯಲ್ಲಿ ಹೆಸರು, ವರ್ಷ ಬರೆದು ಸಿಕ್ಕಿಸಿದರೆ ಸಾಕು. ಕ್ವಿಬೆಕ್‌ನ ಕೊನೇ ಕೋಚ್ ಅವರೇ, ಡೆನ್ವರ್‌ನ ಮೊದಲ ಕೋಚ್ ಕೂಡ ಅವರೇ. ಡೆನ್ವರ್‌ಗೆ ಬಂದ ಮೊದಲ ವರ್ಷವೇ, 1996ರ ಜೂನ್‌ನಲ್ಲಿ, ತಂಡ ಐಸ್ ಹಾಕಿಯ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದಿತು.

ಇದನ್ನು ನೆನೆದಾಗಲೆಲ್ಲ ನನಗೆ ಕ್ವಿಬೆಕ್ ಜನರದ್ದೇ ಸಂಕಟ. 1989-90ರಲ್ಲಿ 80 ಪಂದ್ಯ ಆಡಿ ಗೆದ್ದಿದ್ದು ಬರೀ 12. ಅಂಥ ವರ್ಷಗಳಲ್ಲೂ ಜೊತೆಗಿದ್ದವರು ಅವರು. ಸ್ಯಾಕಿಕ್, ಪೀಟರ್ ಫೋರ್ಸ್‌ಬರ್ಗ್, ಆಡಮ್ ಫುಟ್ ಥರದ ಆಟಗಾರರೆಲ್ಲ ಅಲ್ಲೇ ಬೆಳೆದವರು. ಗಿಡಕ್ಕೆ ನೀರು ಹಾಕಿದ್ದು ಒಂದೂರು, ಹಣ್ಣು ತಿಂದಿದ್ದು ಇನ್ನೊಂದೂರು. ಅದಕ್ಕೇ ಆ ನೀಲಿ ಕಾರ್ಡುಗಳನ್ನು ಹಿಂದಿನ ಪುಟಕ್ಕೆ ತಳ್ಳಬೇಡಿ ಅನ್ನುವುದು.

ಎರಿಕ್ ಲಿಂಡ್ರೋಸ್ ಕಾರ್ಡು ಸಿಕ್ಕರೆ, ಫಿಲಡೆಲ್ಫಿಯಾ ಜರ್ಸಿ ಅಂತ ಪಕ್ಕಕ್ಕಿಡಬೇಡಿ. 1991ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಕ್ವಿಬೆಕ್ ಅವರನ್ನು ಮೊದಲನೆಯವರಾಗಿ ಆರಿಸಿತ್ತು. ಅವರು ಆಡಲ್ಲ ಅಂದುಬಿಟ್ಟರು. ಮರುವರ್ಷ ಅವರನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟಾಗ ಬದಲಿಗೆ ಬಂದವರಲ್ಲಿ ಒಬ್ಬರು ಫೋರ್ಸ್‌ಬರ್ಗ್. ಇಬ್ಬರೂ ಅಕ್ಕಪಕ್ಕ ಇರಲಿ.

ಆಮೇಲೆ ಗೋಲ್‌ಕೀಪರ್ ಪ್ಯಾಟ್ರಿಕ್ ರ್ವಾ. ಕಾರ್ಡಿನ ಮೇಲಿನ ಅಕ್ಷರ ನೋಡಿ ರಾಯ್ ಅಂತ ಓದುತ್ತೇವೆ, ಫ್ರೆಂಚ್‌ನಲ್ಲಿ ರ್ವಾ. 1995ರ ಡಿಸೆಂಬರ್ 2ರಂದು ಮಾಂಟ್ರಿಯಲ್ ಪರ ಆಡುತ್ತಾ ಡೆಟ್ರಾಯ್ಟ್‌ಗೆ ಒಂಬತ್ತು ಗೋಲು ಬಿಟ್ಟರು, ನಾಲ್ಕೇ ದಿನಕ್ಕೆ ಡೆನ್ವರ್ ಪಾಲಾದರು. ತಂಡ ಇನ್ನೂ ಕ್ವಿಬೆಕ್‌ನಲ್ಲೇ ಇದ್ದಿದ್ದರೆ ಬದ್ಧ ಎದುರಾಳಿ ಮಾಂಟ್ರಿಯಲ್ ಇವರನ್ನು ಕೊಡುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ. 2013ರಿಂದ ಮೂರು ವರ್ಷ ಇದೇ ತಂಡಕ್ಕೆ ಕೋಚ್ ಕೂಡ ಆದರು. ಹಾಗಾಗಿ ಅವರ ಪುಟದಲ್ಲೂ ಒಂದು ಚೀಟಿಗೆ ಜಾಗ ಬಿಡಿ. ಕಪ್ ಗೆಲ್ಲಿಸಿದ ಕೋಚ್‌ಗಳಾದ ಬಾಬ್ ಹಾರ್ಟ್ಲಿ (2001ರ ಕಪ್), ಜೇರೆಡ್ ಬೆಡ್ನಾರ್ (2022ರ ಕಪ್) ಚೀಟಿಗಳೂ ಬೇಕು.

ನಂಬರ್ ನಂಬಿ ಜೋಡಿಸಿದರೆ ಮಾತ್ರ ಎಡವಟ್ಟಾಗುತ್ತದೆ. 8ನೇ ನಂಬರು ಮಾರ್ಕ್ ಟಾರ್ಡಿಫ್ ಅವರದು, ಇನ್ಯಾರಿಗೂ ಕೊಡುವುದಿಲ್ಲ ಅಂತ ಕ್ವಿಬೆಕ್ ಎತ್ತಿಟ್ಟಿತ್ತು. ಡೆನ್ವರ್‌ನಲ್ಲಿ ಅದನ್ನು ಉಳಿಸಿಕೊಳ್ಳಲಿಲ್ಲ. 2022ರಲ್ಲಿ ಕಪ್ ಎತ್ತಿದ ಕೇಲ್ ಮಕಾರ್ ಬೆನ್ನ ಮೇಲಿರುವುದು ಅದೇ 8.

ಒಂಬತ್ತು ಜೇಬಿನ ಹಾಳೆ ತನ್ನಿ, ಪಿವಿಸಿ ಇಲ್ಲದ್ದು ಅಂತ ಕೇಳಿ. ಪಿವಿಸಿ ಇದ್ದರೆ ವರ್ಷ ಕಳೆದಂತೆ ಕಾರ್ಡು ಅಂಟಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಹಾಕಿದ್ದರೆ ಇವತ್ತೇ ತೆಗೆಯಿರಿ, ಅಂಚು ಕಚ್ಚಿಹೋಗುತ್ತದೆ.

ಸ್ಯಾಕಿಕ್ ಮೊದಲ ವರ್ಷ 88 ಹಾಕುತ್ತಿದ್ದರು, ಆಮೇಲೆ 19. ಡಬ್ಬದಲ್ಲಿ 88 ಹಾಕಿದ ಚಿತ್ರ ಏನಾದರೂ ಇದ್ದರೆ ಎರಡೂ ಬದಿ ಫೋಟೊ ತೆಗೆದು ಇಲ್ಲಿ ಹಾಕಿ ಸರ್.