ಓದುಗರ ಪ್ರಶ್ನೆ: ಹ್ಯಾರಿ ನಾಯಕನೇ, ಅಪರಾಧಿಯೇ?

ಪ್ರಶ್ನೆ: ಗೋಳಗುಮ್ಮಟದ ಸಮೀಪದ ನಮ್ಮ ಮನೆಯಲ್ಲಿ ಗೆಳೆಯರೆಲ್ಲ ಸೇರಿ ‘ಡರ್ಟಿ ಹ್ಯಾರಿ’ ಸರಣಿಯನ್ನು ನೋಡಿದೆವು. ನಿಯಮ ಮುರಿಯುವ ಪೊಲೀಸನನ್ನು ಈ ಚಿತ್ರಗಳು ವೈಭವೀಕರಿಸುತ್ತವೆಯೇ?
– ಓದುಗರೊಬ್ಬರು, ವಿಜಯಪುರ

ಉತ್ತರ: 1971ರಿಂದ 1988ರವರೆಗೆ ಬಂದ ಈ ಐದು ಚಿತ್ರಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ತೇದಾರ ಹ್ಯಾರಿಯಾಗಿ ನಟಿಸಿದವರು ಕ್ಲಿಂಟ್ ಈಸ್ಟ್‌ವುಡ್. ಡಾನ್ ಸೀಗಲ್ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ಹ್ಯಾರಿ ವಾರಂಟ್ ಇಲ್ಲದೆ ಕೊಲೆಗಾರನ ಕೋಣೆಗೆ ನುಗ್ಗಿ, ಅವನ ಗಾಯಗೊಂಡ ಕಾಲನ್ನು ತುಳಿದು ಬಾಯಿ ಬಿಡಿಸಲು ನೋಡುತ್ತಾನೆ; ಹೀಗೆ ಸಿಕ್ಕ ಬಂದೂಕು ಸಾಕ್ಷ್ಯವಾಗಿ ನಿಲ್ಲದ ಕಾರಣ ಕೊಲೆಗಾರ ಬಿಡುಗಡೆಯಾಗುತ್ತಾನೆ. ಪ್ರೇಕ್ಷಕರ ಸಿಟ್ಟು ಕಾನೂನಿನತ್ತ ತಿರುಗುವಂತೆ ಆ ದೃಶ್ಯವನ್ನು ಕಟ್ಟಲಾಗಿದೆ ಎಂಬ ನಿಮ್ಮ ಅನುಮಾನ, ನನ್ನ ಮಟ್ಟಿಗೆ, ಸರಿಯಾದುದೇ.

ಆದರೆ 1973ರ ‘ಮ್ಯಾಗ್ನಮ್ ಫೋರ್ಸ್’ ಅನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಶಿಕ್ಷೆ ತಪ್ಪಿಸಿಕೊಂಡವರನ್ನು ಗುಟ್ಟಾಗಿ ಕೊಲ್ಲುವ ಪೊಲೀಸರನ್ನೇ ಅಲ್ಲಿ ಹ್ಯಾರಿ ಎದುರಿಸುತ್ತಾನೆ. ಮೊದಲ ಚಿತ್ರದ ಮೇಲಿನ ಆಕ್ಷೇಪಗಳಿಗೆ ಅದು ನೇರ ಉತ್ತರದಂತಿದೆ. ಸರಣಿಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದೂ ಅದೇ. ಈಸ್ಟ್‌ವುಡ್ ತಾವೇ ನಿರ್ದೇಶಿಸಿದ್ದು 1983ರ ನಾಲ್ಕನೆಯದನ್ನು ಮಾತ್ರ. ಕೊನೆಯದು ಸಾಧಾರಣ.

ನಮ್ಮಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡಲಾಗದು. ಬಂಧಿತನನ್ನು, ಪ್ರಯಾಣದ ಅವಧಿ ಹೊರತುಪಡಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಗೆಳೆಯರೊಂದಿಗೆ ಚರ್ಚಿಸುವಾಗ ಇದನ್ನೂ ಪ್ರಸ್ತಾಪಿಸಿ.